ಎಮ್ಮೆಗೆ ಪಾಟೀಸವಾಲು

ತಂಗಿ ಎಷ್ಟು ಕೇಳಿಕೊಂಡರೂ ನಾನು ಒಂದು ಸಂಜೆಯೂ ಅವಳೆದುರು ಸಾಕ್ಷಿಯಂತೆ ನಿಲ್ಲಲಿಲ್ಲ. ಮಂಡ್ಯದಲ್ಲಿ ಕಾನೂನು ಓದುತ್ತಿದ್ದಳು. ಕಾಲೇಜಿನಲ್ಲಿ ಸೆಕ್ಷನ್ನುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು, ಸಾಕ್ಷಿಗೆ ಪಾಟೀಸವಾಲು ಹಾಕುವುದನ್ನು ಯಾರೂ ಕಲಿಸಲಿಲ್ಲ. ಅದಕ್ಕೇ ಅವಳು ಕೊಟ್ಟಿಗೆಯ ಎಮ್ಮೆಯ ಮುಂದೆ ನಿಂತು, ಜಡೆಯನ್ನು ಹಿಂದಕ್ಕೆಸೆದು, "ಕಂಡಿದ್ದನ್ನು ಮಾತ್ರ ಹೇಳಿ" ಎಂದು ಮತ್ತೆ ಮತ್ತೆ ಗದರುತ್ತಿದ್ದಳು.

ಗೆಳೆಯರನ್ನು ಕರೆತಂದು ತೋರಿಸಿದೆ. "ನೋಡ್ರಲಾ, ಲಾಯರಮ್ಮನ ಸಾಕ್ಷಿ ಮೆಲುಕಾಕ್ತಾ ನಿಂತವ್ಳೆ!" ಎಲ್ಲರೂ ನಕ್ಕರು. ಅವಳು ಅಭ್ಯಾಸವನ್ನೇ ಬಿಟ್ಟಳು.

ಓದು ಮುಗಿಸಿ ವಕೀಲೆಯಾದ ಮೇಲೆ, ಮಳವಳ್ಳಿ ಕೋರ್ಟಿನಲ್ಲಿ ಅವಳ ಮೊದಲ ಪಾಟೀಸವಾಲಿನ ದಿನ ನಾನೂ ಹೋಗಿದ್ದೆ. ಸಾಕ್ಷಿ, "ಕೇಳವ್ವ, ಅದೇನ್ ಕೇಳ್ತೀಯೋ" ಎಂದು ನಕ್ಕ. ಅವಳ ಬಾಯಿ ಕಟ್ಟಿತು. ಅವಳು ಕೆಲಸ ಕಲಿಯುತ್ತಿದ್ದ ಹಿರಿಯ ವಕೀಲರು ಅವಳ ಕೈಯಿಂದ ಫೈಲು ಇಸಿದುಕೊಂಡರು.

ಹೊರಗೆ ಬಂದವಳು, "ನನ್ ಕೈಲಾಗಲ್ಲ ಬುಡಣ್ಣ, ನಾಳಿಂದ ಬರಾಕಿಲ್ಲ" ಎಂದಳು.

ಅಲ್ಲಿದ್ದ ಜನರೆದುರೇ ಹೇಳಿದೆ: "ಅವತ್ತು ನಗಾಡಿ ನಿನ್ ಬಾಯಿ ಕಟ್ದೋನು ನಾನು ಕಣವ್ವ. ತಪ್ಪಾಯ್ತು."