ಬದಲಿ ಟಗರು

ಕುರಿಗಳಿಗೆ ಲಸಿಕೆ ಹಾಕುವ ಕೆಲಸ ನನ್ನದು. ಕಂಗ್ಟಿ ಹತ್ತಿರದ ಹಳ್ಳಿಯೊಂದರಲ್ಲಿ ಕೆಲಸ ಮುಗಿದ ಮೇಲೆ ಕುರಿಗಾರ ಸಿದ್ದಪ್ಪ ಊಟಕ್ಕೆ ಕೂರಿಸಿದರು. ಜೋಳದ ರೊಟ್ಟಿ, ಘಮಘಮಿಸುವ ಮಟನ್ ಸಾರು.

"ನಿಮ್ಮದೇ ಟಗರೇನ್ರಿ?" ಎಂದೆ.

"ಛೇ, ಕೈಯಾರೆ ಸಾಕಿದ್ದು ಗಂಟಲದಾಗ ಇಳಿಯಂಗಿಲ್ರಿ. ನಮ್ಮದು ಬಾಜೂಮನಿ ಮಲ್ಲಮ್ಮಗ ಕೊಡ್ತೀವಿ, ಅವರದು ನಾವು ತರ್ತೀವಿ. ಇದು ಹಣಿ ಮ್ಯಾಲ ಬಿಳಿ ಚುಕ್ಕಿ ಇತ್ತಲ್ಲ, ಅದು."

"ಅದನ್ನೂ ಯಾರೋ ಸಾಕಿದ್ದೇ ಅಲ್ಲೇನ್ರಿ?"

"ಖರೆ. ಆದ್ರ ಅದರ ಹೆಸರು ನಮಗ ಗೊತ್ತಿಲ್ಲಲ್ರಿ" ಎಂದರು ಮೆಲ್ಲಗೆ.

ನನಗೆ ಗೊತ್ತಿತ್ತು. ಹೋದ ಸಲ ನಾನು ಸೂಜಿ ಚುಚ್ಚುವಾಗ ಮಲ್ಲಮ್ಮ ಅದೇ ಟಗರಿನ ಕೊರಳು ತಬ್ಬಿಕೊಂಡು, "ಅಂಜಬ್ಯಾಡೋ ಚಂದ್ರಾ, ಆತು, ಆತು" ಅಂದಿದ್ದರು.

ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು. ಆ ಹೆಸರು ಬಾಯಿಂದ ಬಿದ್ದರೆ ಮನೆಮಂದಿಯ ಊಟವೆಲ್ಲ ಕೆಡುತ್ತಿತ್ತು.

"ಇವತ್ತ ಗುರುವಾರ ನೋಡ್ರಿ, ಮರ್ತೇಬಿಟ್ಟಿದ್ದೆ. ಗುರುವಾರ ನಾ ತಿನ್ನಂಗಿಲ್ಲ" ಎಂದೆ.

ಸಿದ್ದಪ್ಪ ಕೂಡಲೇ ತಟ್ಟೆ ಬದಲಿಸಿ ಪುಂಡಿಪಲ್ಯ ಬಡಿಸಿದರು. ದೇವರ ವಾರದ ಮಾತಿಗೆ ನಮ್ಮ ಕಡೆ ಯಾರೂ ಎದುರಾಡುವುದಿಲ್ಲ.

ಮಟನ್ ಯಾಕೆ ಬಿಟ್ಟೆ ಎಂದು ಮನೆಯಲ್ಲಿ ಈಗಲೂ ಕೇಳುತ್ತಾರೆ. ಇವತ್ತು ಗುರುವಾರ ಅನ್ನುತ್ತೇನೆ, ಭಾನುವಾರವೂ.