ಭೂತಗನ್ನಡಿಗೆ ಅನುಮತಿ

ಹೊಸ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು: ಥರ್ಮಾಕೋಲ್, ಪ್ಲಾಸ್ಟಿಕ್, ಯಾರೂ ಮುಟ್ಟದ ವೈರು. ನಿಟ್ಟುವಳ್ಳಿಯ ನಮ್ಮ ಶಾಲೆಗೆ ಮೊನ್ನೆ ಅಂಥ ಪೆಟ್ಟಿಗೆಗಳು ಬಂದವು. ಮಕ್ಕಳು ಯಾವ ಆ್ಯಪ್ ತೆರೆಯಬಹುದು, ಯಾವುದು ಬೇಡ ಎಂದು ಗೊತ್ತುಮಾಡುವುದು ಕಂಪ್ಯೂಟರ್ ಟೀಚರಾದ ನನ್ನ ಕೆಲಸ. ಪರದೆಯ ಮೇಲೆ ಯಾವ ಶಾರ್ಟ್‌ಕಟ್ ಎಲ್ಲಿ ಕೂರಬೇಕು ಎನ್ನುವುದೂ ನನ್ನದೇ. ಮಾತು ಕಡಿಮೆಯಿರುವವಳಿಗೆ ಇಂಥ ಅಧಿಕಾರ ಬಲು ಹಿತ; ಯಾರಿಗೂ ಗದರದೆ ಬಾಗಿಲು ಹಾಕಬಹುದು.

ಈ ಅಧಿಕಾರ ನನಗೆ ಮೊದಲು ಸಿಕ್ಕಿದ್ದು ಹರಿಹರದ ಒಂದು ಹೈಸ್ಕೂಲಿನಲ್ಲಿ. ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಆ್ಯಪ್‌ಗಳ ಹೆಸರನ್ನು ಕನ್ನಡಕ್ಕೆ ತರುವುದು ನನ್ನ ಕಾಲಕ್ಷೇಪ. ಶಾರ್ಟ್‌ಕಟ್ಟಿನ ಕೆಳಗೆ ನಮಗೆ ಬೇಕಾದ ಹೆಸರು ಬರೆಯಬಹುದಲ್ಲ. ಪೇಂಟ್ ‘ಬಣ್ಣ’ವಾಯಿತು. ಪರದೆಯ ಅಕ್ಷರಗಳನ್ನು ಹಿಗ್ಗಿಸಿ ತೋರಿಸುವ ಮ್ಯಾಗ್ನಿಫೈಯರಿಗೆ ‘ಭೂತಗನ್ನಡಿ’ ಎಂದಿಟ್ಟು, ಎಂಥ ಒಳ್ಳೆಯ ಪದ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಮಕ್ಕಳು ಮೆಚ್ಚಿದ್ದು ಪದದ ಮೊದಲರ್ಧವನ್ನು ಮಾತ್ರ. “ಲೇ, ಭೂತ ಐತೆ ನೋಡಲೇ!” ಎಂದು ಇಡೀ ಒಂಬತ್ತನೇ ತರಗತಿ ಅದನ್ನೇ ಒತ್ತಿತು. ಪರದೆಗೊಂದು ಅಕ್ಷರ, ಕುಂಬಳಕಾಯಿಯಷ್ಟು ದಪ್ಪ. ಗದ್ದಲ ಕೇಳಿ ಬಂದ ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲೇ ನಿಂತರು.

“ಏನ್ರೀ ಮೇಡಂ, ಸ್ಕೂಲ್‌ನಾಗೆ ಭೂತ ಬಿಟ್ಟೀರಂತೆ?”

“ಮ್ಯಾಗ್ನಿಫೈಯರ್ ಮೇಡಂ. ಕನ್ನಡದಲ್ಲಿ...”

“ಯಾವ ಭಾಷೆದಾದ್ರೂ ಬ್ಯಾಡ. ತೆಗೀರಿ.”

ಶಾರ್ಟ್‌ಕಟ್ ಅಳಿಸಿದರೆ ಬರೀ ಚಿತ್ರ ಹೋಗುತ್ತದೆ, ಆ್ಯಪ್ ಒಳಗೇ ಇರುತ್ತದೆ. ಅಚ್ಚುಕಟ್ಟು ನನ್ನ ಚಟ. ಅದಕ್ಕಿದ್ದ ಅನುಮತಿಯನ್ನೂ ತೆಗೆದುಹಾಕಿದೆ.

ಮುಂದಿನ ವಾರ ಗೋಡೆ ಪಕ್ಕ ಕೂರುವ ಹುಡುಗಿಯೊಬ್ಬಳು (ಶಾಹೀನಾ ಎನ್ನೋಣ, ಅದು ಅವಳ ಹೆಸರಲ್ಲ) ಎರಡು ಕೀಗಳನ್ನು ಒಟ್ಟಿಗೆ ಒತ್ತುತ್ತಿದ್ದಳು. ಏನೂ ಆಗುತ್ತಿರಲಿಲ್ಲ. ಮತ್ತೆ ಒತ್ತುವಳು. ಏನು ಹುಡುಕುತ್ತಿದ್ದಾಳೆಂದು ನನಗೆ ಕುತೂಹಲ, ಕೇಳಲು ಸಂಕೋಚ. ತರಗತಿ ಮುಗಿದ ಮೇಲೆ ಅವಳೇ ಬಂದಳು.

“ಮಿಸ್, ನಾನು ಕಂಪ್ಯೂಟರ್ ಬಿಟ್ಟು ಹಾಡಿನ ಕ್ಲಾಸಿಗೆ ಹೋಗ್ತೀನ್ರಿ.”

“ಯಾಕಮ್ಮ, ಹಾಡ್ತೀಯಾ?”

“ಇಲ್ರಿ. ಭೂತ ಹೋತಲ್ರಿ.” ನಗಲು ನೋಡಿದಳು. “ಮೊದ್ಲಿಂದ್ಲೂ ಕೀ ಒತ್ತಿ ಅದನ್ನ ತೆಗೆದು ಓದ್ತಿದ್ದೆ. ಕನ್ನಡಕ ಹಾಕ್ಕಂಡ್ರೂ ನಂಗೆ ಇಷ್ಟೇ ಕಾಣ್ಸೋದು. ಮನ್ಯಾಗೆ ಗೊತ್ತೈತೆ, ಡಾಕ್ಟ್ರಿಗೂ ಗೊತ್ತೈತೆ. ಕ್ಲಾಸಿನೋರಿಗೆ ಬ್ಯಾಡ್ರಿ.”

ಹೆಡ್‌ಮಿಸ್ಟ್ರೆಸ್‌ಗೆ ಮಾತ್ರ ಹೇಳಲೇ ಎಂದೆ. ಹೂಂ ಎಂದು ತಲೆಯಾಡಿಸಿದಳು.

“ಹಂಗಾದ್ರೆ ಆ ಹುಡುಗಿ ಕಂಪ್ಯೂಟರ್ ಒಂದಕ್ಕೇ ಹಾಕ್ರಿ,” ಎಂದರು ಹೆಡ್‌ಮಿಸ್ಟ್ರೆಸ್.

“ಒಂದಕ್ಕೇ ಹಾಕಿದರೆ ಎಲ್ಲರೂ ಅವಳನ್ನೇ ನೋಡ್ತಾರೆ ಮೇಡಂ. ಎಲ್ಲದಕ್ಕೂ ಇರಲಿ. ಗಲಾಟೆ ಆದರೆ ನಾನು ನೋಡಿಕೊಳ್ತೀನಿ.”

ನಾನು ಅಷ್ಟು ಉದ್ದ ಮಾತಾಡಿದ್ದು ಅವರಿಗೆ ಭೂತಕ್ಕಿಂತ ಆಶ್ಚರ್ಯ. “ಹಾಕ್ರಿ ಮಾರಾಯ್ರ. ಹೆಸ್ರು ಒಂದು ಬದ್ಲಿ ಮಾಡ್ರಿ.”

‘ದೊಡ್ಡಕ್ಷರ’ ಎಂಬ ಸಪ್ಪೆ ಹೆಸರಿನಲ್ಲಿ ಅದು ಎಲ್ಲ ಪರದೆಗೂ ಮರಳಿತು. ಕೆಲವು ದಿನ ಎಲ್ಲರೂ ಆಡಿದರು, ಆಮೇಲೆ ಬೇಸತ್ತರು. ಶಾಹೀನಾ ಬೆನ್ನು ನೆಟ್ಟಗೆ ಮಾಡಿಕೊಂಡು ಟೈಪು ಮಾಡುತ್ತಿದ್ದಳು. ಇನ್ನೂ ಕೆಲವರು, ಅಲ್ಲೊಬ್ಬ ಇಲ್ಲೊಬ್ಬಳು, ಅದನ್ನು ತೆರೆದೇ ಇಟ್ಟುಕೊಂಡರು. ಯಾರಿಗದು ಆಟ, ಯಾರಿಗೆ ಅಗತ್ಯ ಎಂದು ಬಾಗಿಲಲ್ಲಿ ನಿಂತು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ನನಗೂ ಪೂರ್ತಿ ತಿಳಿಯಲಿಲ್ಲ. ನಾನು ಕೇಳಲೂ ಇಲ್ಲ.

ನಿಟ್ಟುವಳ್ಳಿಯಲ್ಲಿ ಯಾವುದಕ್ಕೆ ಅನುಮತಿ ಎಂದು ಇನ್ನೂ ಗೊತ್ತುಮಾಡಿಲ್ಲ. ಇಂಟರ್‌ನೆಟ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಈ ವಾರ ತೆರೆದಿಟ್ಟಿದ್ದೇನೆ. ಮಕ್ಕಳ ಹಿಂದೆ ಒಂದು ಕುರ್ಚಿ ಹಾಕಿಕೊಂಡು, ಯಾರ ಮೂಗು ಪರದೆಗೆ ಎಷ್ಟು ಹತ್ತಿರ ಹೋಗುತ್ತದೆ ಎಂದು ಸುಮ್ಮನೆ ನೋಡುತ್ತಿದ್ದೇನೆ.