ಹೆಸರು ಹೇಳದವರ ಖಾನೆ

ಪುಣೆಯಲ್ಲಿ ನದಿಯ ಆಚೆ ದಂಡೆಗಿದ್ದ ಒಂದು ದವಾಖಾನೆಗೆ ಹೊಳಬಸಪ್ಪ ಕಾರಕೂನನಾಗಿ ಸೇರಿದ ಕಾಲಕ್ಕೆ, ಒಬ್ಬ ರೋಗಿಯ ವಿವರ ಹುಡುಕಲು ಅರ್ಧ ದಿನ ಹಿಡಿಯುತ್ತಿತ್ತು. ಬಂದ ತಾರೀಖಿನ ಪ್ರಕಾರ ರೋಗಿಗಳನ್ನು ದಪ್ಪ ವಹಿಗಳಲ್ಲಿ ಬರೆದಿಡುತ್ತಿದ್ದರು. ತಾರೀಖು ಗೊತ್ತಿದ್ದವರಿಗೆ ಬೇಗ ಉತ್ತರ ಸಿಗುತ್ತಿತ್ತು. ಗೊತ್ತಿಲ್ಲದವರು ಕಿಟಕಿಯ ಮುಂದೆ ಕೂತು ಕಾಯಬೇಕು.

ಹೊಳಬಸಪ್ಪ ಬಾಗಲಕೋಟೆ ಕಡೆಯವನು. ಮಾತು ಕಡಿಮೆ, ಅಕ್ಷರ ದುಂಡಗೆ. ಯಾರೂ ಹೇಳದಿದ್ದರೂ ಅವನು ಹಳೆಯ ಕಾಗದಗಳ ಖಾಲಿ ಬೆನ್ನು ಕತ್ತರಿಸಿ ಒಬ್ಬೊಬ್ಬ ರೋಗಿಗೆ ಒಂದೊಂದು ಚೀಟಿ ಮಾಡಿದ. ಮೇಲೆ ಹೆಸರು, ಕೆಳಗೆ ವಹಿಯ ಪುಟ. ಚಹಾದ ಪೆಟ್ಟಿಗೆಗಳಿಗೆ ಹಲಗೆ ಹೊಡೆಸಿ ಖಾನೆ ಮಾಡಿಸಿ, ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿದ. ಎರಡು ವರ್ಷದ ಸಂಜೆಗಳು ಅದಕ್ಕೇ ಹೋದವು. ೧೯೧೭ರ ದೀಪಾವಳಿಗೆ ಕೆಲಸ ಮುಗಿದಾಗ ದೊಡ್ಡ ಡಾಕ್ಟರು ಪರೀಕ್ಷೆಗೆಂದು ಮೂರು ವರ್ಷದ ಹಿಂದಿನ ಒಂದು ಹೆಸರು ಕೇಳಿದರು. ಅವರು ಚಷ್ಮಾ ಒರೆಸಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಚೀಟಿ ಮೇಜಿನ ಮೇಲಿತ್ತು.

ಆ ದಿನ ಅವನು ಮನೆಗೆ ಪೇಢೆ ತಂದ.

"ಏನ್ರಿ, ಪಗಾರ ಹೆಚ್ಚಾತೇನ್ರಿ?" ಎಂದಳು ಹೆಂಡತಿ ಗೌರಾಬಾಯಿ.

"ಇಲ್ಲ. ಇನ್ನ ಹೆಸರು ಹೇಳಿದ್ರ ಸಾಕು, ಯಾರು ಬೇಕಾದ್ರೂ ಸಿಗ್ತಾರ."

"ಅಷ್ಟಕ್ಕ ಪೇಢೇನ? ಭಾಳ ಆತು ಬಿಡ್ರಿ," ಎಂದು ಅವಳು ನಕ್ಕಳು.

ಮರುವರ್ಷ ನವರಾತ್ರಿಯ ಹೊತ್ತಿಗೆ ಮಾನಮೋಡಿ ಜ್ವರ, ಅಂದರೆ ಇನ್‌ಫ್ಲುಯೆಂಜಾ, ಬಂತು. ಬೆಳಿಗ್ಗೆ ಮೂಟೆ ಹೊತ್ತವನು ಸಂಜೆಗೆ ಮಲಗಿದರೆ ಏಳುತ್ತಾನೆಂಬ ಭರವಸೆ ಇರಲಿಲ್ಲ. ದವಾಖಾನೆಯ ಅಂಗಳದಲ್ಲಿ ಸಾಲಾಗಿ ಛಪ್ಪರ ಹಾಕಿದರು. ಜ್ವರ ಅಂಟುತ್ತದೆಂದು ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಕಿಟಕಿಯಲ್ಲಿ ಕೇಳಿ, ಚೀಟಿ ಸಿಕ್ಕರೆ ಮಾತ್ರ ಒಬ್ಬರಿಗೆ ಛಪ್ಪರದ ಬಾಗಿಲ ತನಕ ಹೋಗಲು ಅಪ್ಪಣೆ.

ಒಂದು ಶನಿವಾರ ಕಿಟಕಿಯ ಮುಂದಿನ ಸಾಲಿನಲ್ಲಿ ಕಲ್ಲವ್ವ ನಿಂತಿದ್ದಳು. ಇಪ್ಪತ್ತರ ಒಳಗಿನ ವಯಸ್ಸು, ಬಗಲಲ್ಲಿ ಕೂಸು. ಗಂಡ ಭವಾನಿ ಪೇಠೆಯಲ್ಲಿ ಹಮಾಲಿ ಮಾಡುತ್ತಿದ್ದ. ಅವನನ್ನು ದವಾಖಾನೆಗೆ ಒಯ್ದರೆಂಬ ಸುದ್ದಿ ಊರಿಗೆ ಮುಟ್ಟಿದಾಗ ಅತ್ತೆಯೂ ಅದೇ ಜ್ವರದಲ್ಲಿ ಮಲಗಿದ್ದಳು. ಹಾಗಾಗಿ ಒಬ್ಬಳೇ ರೈಲು ಹತ್ತಿ ಬಂದಿದ್ದಳು.

"ಹೆಸರು ಹೇಳವಾ," ಎಂದ ಹೊಳಬಸಪ್ಪ, ತಲೆ ಎತ್ತದೆ.

"ನಮ್ಮ ಮನಿಯವರ್ರಿ. ಹಮಾಲಿ ಮಾಡ್ತಾರ್ರಿ."

"ಹೆಸರು ಬೇಕವಾ. ಹೆಸರಿಲ್ಲದ ಚೀಟಿ ಹ್ಯಾಂಗ ತೆಗೀಲಿ?"

ಅವಳು ನೆಲ ನೋಡಿದಳು. ಹಿಂದಿದ್ದವರು ಕೂಗಾಡಿದರು. ಅವಳು ಪಕ್ಕಕ್ಕೆ ಸರಿದಳು.

ಭಾನುವಾರ ಕಿಟಕಿ ಮುಚ್ಚಿತ್ತು. ಸೋಮವಾರ ಬೆಳಿಗ್ಗೆ ಬಂದಳು, ಮಂಗಳವಾರ ಬಂದಳು. ಅದೇ ಪ್ರಶ್ನೆ, ಅದೇ ಮೌನ. ಹೆದರಿಕೆಗೆ ಮಾತು ಬರುತ್ತಿಲ್ಲವೆಂದು ಹೊಳಬಸಪ್ಪ ತಿಳಿದ. ಸಾಲು ಬೇಲಿಯ ಆಚೆ ತನಕ ಇತ್ತು. ಅವನು ಮುಂದಿನವರನ್ನು ಕರೆದ.

ಬುಧವಾರ ಅವಳು ಮತ್ತೆ ತಲೆತಗ್ಗಿಸಿ ನಿಂತಾಗ, ಸಾಲು ಕಾಯುತ್ತಿದ್ದ ಸಿಪಾಯಿ ಮಾರ್ತಾಂಡ ಸುಮ್ಮನಿರಲಿಲ್ಲ. ಅವನೂ ಕನ್ನಡದವನೇ, ಅಥಣಿ ಕಡೆಯವನು.

"ಗಂಡನ ಹೆಸರು ಹೇಳಾಕ ನಾಚಿಕಿ ಏನ ತಂಗಿ? ಒಡಪ ಕಟ್ಟಿ ಹೇಳು ಮತ್ತ. ಮದುವ್ಯಾಗ ಹೇಳಿದ್ದಿಲ್ಲೇನು? ನಾವೂ ಕೇಳ್ತೀವಿ."

ಸಾಲಿನಲ್ಲಿ ಒಂದಿಬ್ಬರು ನಕ್ಕರು. ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಮದುವೆಯಂಥ ಶುಭಕಾರ್ಯದಲ್ಲಿ ಮಾತ್ರ, ಅದೂ ಹಾಡಿನಂಥ ಆ ಎರಡು ಸಾಲಿನ ಒಡಪಿನೊಳಗೆ ಸೇರಿಸಿ.

ಕಲ್ಲವ್ವ ಮುಖವೆತ್ತಿದಳು. "ಇಂಥಾ ಬಾಗಿಲದಾಗ ನಿಂತು ಒಡಪ ಹೇಳ್ತಾರೇನೋ ಅಣ್ಣಾ?"

ಹೊಳಬಸಪ್ಪನ ಕೈಯಲ್ಲಿದ್ದ ಲೇಖನಿ ನಿಂತಿತು. ಹನ್ನೊಂದು ವರ್ಷದ ಸಂಸಾರದಲ್ಲಿ ಗೌರಾಬಾಯಿ ಒಮ್ಮೆಯೂ ಅವನ ಹೆಸರು ಹಿಡಿದು ಕರೆದಿರಲಿಲ್ಲ. ಇಷ್ಟು ದಿನ ಬಂದ ಹೆಂಗಸರ ಜೊತೆ ಒಬ್ಬ ಮಾವನೋ, ಅಣ್ಣನೋ ಇರುತ್ತಿದ್ದ. ಇಲ್ಲವೆ ಏಳೆಂಟು ವರ್ಷದ ಮಗಳು ಮುಂದೆ ಬಂದು ಅಪ್ಪನ ಹೆಸರು ಹೇಳುತ್ತಿದ್ದಳು. ಒಬ್ಬಳೇ ಬಂದವಳು ಏನು ಮಾಡಬೇಕೆಂದು ಅವನು ಯೋಚಿಸಿರಲಿಲ್ಲ. ಊರಲ್ಲಿ ಎತ್ತಿನ ಮೇಲೆ ಬರುತ್ತಿದ್ದ ಹೆಳವ ನೆನಪಾದ. ಏಳು ತಲೆಮಾರಿನ ಹೆಸರು ಓದಿ ಹೇಳುವ ಆ ಹೆಳವ ಮೊದಲು ಕೇಳುತ್ತಿದ್ದದ್ದು ಊರನ್ನು, ಆಮೇಲೆ ಮನೆತನವನ್ನು.

ಹೊಳಬಸಪ್ಪ ಎದ್ದು ಹೊರಗೆ ಬಂದ.

"ಯಾವ ಊರವಾ ನಿಂದು?"

"ತಾಳಿಕೋಟಿ ಕಡೀ ಬೂದಿಹಾಳ್ರಿ," ಎಂದಳು ತಟ್ಟನೆ.

ವಹಿಯಲ್ಲಿ ಊರಿಗೂ ಒಂದು ಅಂಕಣವಿತ್ತು. ಅದನ್ನು ಯಾರು ಕೇಳುತ್ತಾರೆಂದು ಅವನೇ ಚೀಟಿಗೆ ಇಳಿಸಿರಲಿಲ್ಲ. ಈಗ ಆ ತಿಂಗಳ ವಹಿ ತೆಗೆದು, ಆ ಅಂಕಣದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಕೆಳಗಿಳಿದ. ಸಾವಿರದ ನಾನೂರು ಸಾಲುಗಳು. ಮಧ್ಯಾಹ್ನ ಮೀರಿತು. ಬೂದಿಹಾಳದವರು ಮೂವರು ಸಿಕ್ಕರು. ಇಬ್ಬರ ಮುಂದೆ 'ಗುಣವಾಗಿ ಹೋದ' ಎಂದಿತ್ತು. ಮೂರನೆಯವನ ಮುಂದೆ ಇದ್ದದ್ದನ್ನು ಅವನು ಎರಡು ಸಲ ಓದಿದ.

ಕಲ್ಲವ್ವ ಬೇವಿನ ಮರದ ಕೆಳಗೆ ಕೂಸಿಗೆ ಹಾಲೂಡಿಸಿ ಕೂತಿದ್ದಳು.

"ನಾ ಹೆಸರು ಓದ್ತೀನಿ. ನೀ ಏನೂ ಹೇಳಬ್ಯಾಡ, ತಲಿ ಆಡಿಸಿದ್ರ ಸಾಕು," ಎಂದ. ಬದುಕಿದವರನ್ನು ಮೊದಲು ಓದಿದ. "ನಿಜಲಿಂಗಪ್ಪ."

"ಅವರು ನಮ್ಮ ಓಣಿಯವರ್ರಿ. ಅವರಲ್ಲ."

"ಕಾಂತಪ್ಪ."

ಅವಳು ಅಲ್ಲವೆಂದು ತಲೆಯಾಡಿಸಿದಳು. "ಇನ್ನೊಬ್ಬರು ಅದಾರೇನ್ರಿ?"

ಹೊಳಬಸಪ್ಪ ಮೂರನೆಯ ಹೆಸರಿನ ಮೇಲೆ ಬೆರಳಿಟ್ಟ. "ಮಲಕಪ್ಪ," ಎಂದ.

ಅವಳು ಗಡಬಡಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಮುಖ ಅರಳಿತು. "ಹೌದ್ರಿ. ಸಿಕ್ಕರೇನ್ರಿ?"

ಅವನು ಹೇಳಿದ. ಎರಡೇ ಮಾತಿನಲ್ಲಿ ಹೇಳಿದ. ಬೇರೆ ರೀತಿ ಹೇಳುವುದು ಅವನಿಗೆ ಗೊತ್ತಿರಲಿಲ್ಲ. ಅವಳ ಅಳು ಸಾಲಿನ ಕೊನೆಯವರೆಗೂ ಕೇಳಿಸಿತು. ಕೂಸೂ ಹೆದರಿ ಅತ್ತಿತು. ಮಾರ್ತಾಂಡ ಒಂದು ತಂಬಿಗೆ ನೀರು ತಂದಿಟ್ಟು, ಅವಳ ಮುಖ ನೋಡಲಾಗದೆ ದೂರ ಹೋಗಿ ನಿಂತ.

ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು: "ಯಾವತ್ತ್ರಿ?"

"ಸೋಮವಾರ ಸಂಜಿಕ."

ಅವಳು ಬೆರಳ ಗಿಣ್ಣಿನ ಮೇಲೆ ಎಣಿಸಿದಳು. "ಶನಿವಾರ ನಾ ಬಂದಿದ್ದೆ."

ಸುಮ್ಮನಿದ್ದುಬಿಡಬಹುದಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ, ವಹಿ ಅವನ ಕೈಯಲ್ಲಿತ್ತು. "ಹೌದವಾ. ಶನಿವಾರ ಇದ್ರು. ಸೋಮವಾರ ನೀ ಬಂದಾಗೂ ಇದ್ರು. ಅಲ್ಲಿ, ಆ ಮೂರನೇ ಛಪ್ಪರದಾಗ." ಕಿಟಕಿಯಿಂದ ಅದು ನಲವತ್ತು ಹೆಜ್ಜೆ ದೂರ.

ಅವಳು ಆ ಕಡೆ ನೋಡಿದಳು. "ಊರು ಕೇಳಿದ್ರ ಅವತ್ತ ಹೇಳ್ತಿದ್ನಲ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ, "ಮಣ್ಣು ಕೊಟ್ರೋ, ಸುಟ್ಟರೋ?" ಎಂದು ಕೇಳಿದಳು.

ಸಾಗಿಸಿದ ಹೆಣಗಳ ಪಟ್ಟಿ ಬರೀ ತಾರೀಖಿನ ಪ್ರಕಾರ ಇತ್ತು. ತಾರೀಖು ಈಗ ಗೊತ್ತಿದ್ದುದರಿಂದ ಅದು ಬೇಗ ಸಿಕ್ಕಿತು. ಕೊರಳಲ್ಲಿ ಲಿಂಗ ಕಂಡು ಅವನನ್ನು ಲಿಂಗಾಯತರ ರುದ್ರಭೂಮಿಗೆ ಕಳಿಸಿದ್ದರು. ಎರಡನೇ ಸಾಲು, ಐದನೇ ಗುಂಡಿ. ಹೊಳಬಸಪ್ಪ ಅರ್ಧ ದಿನದ ರಜೆ ಬರೆದುಕೊಟ್ಟು, ಟಾಂಗಾ ಮಾಡಿ ಅವಳನ್ನು ಅಲ್ಲಿಗೆ ಕರೆದೊಯ್ದ. ಹೊಸ ಮಣ್ಣಿನ ದಿಬ್ಬಗಳೆಲ್ಲ ಒಂದೇ ಥರ ಇದ್ದವು. ಅವನು ಎರಡು ಸಲ ಎಣಿಸಿ ತೋರಿಸಿದ. ಅವಳು ಕೂಸಿನ ಕೈಯಿಂದ ಮೂರು ಸಲ ಮಣ್ಣು ಹಾಕಿಸಿ, ಒಂದು ಹಿಡಿಯನ್ನು ಅತ್ತೆಗೆ ತೋರಿಸಲೆಂದು ಸೆರಗಿನ ತುದಿಗೆ ಕಟ್ಟಿಕೊಂಡಳು. ಅವಳನ್ನು ಊರು ಮುಟ್ಟಿಸಲು ಭವಾನಿ ಪೇಠೆಯಲ್ಲಿ ನಿಜಲಿಂಗಪ್ಪ ಸಿಕ್ಕ.

ಆ ವಾರವೇ ಹೊಳಬಸಪ್ಪ ಮತ್ತೊಂದು ಪೆಟ್ಟಿಗೆ ಮಾಡಿಸಿದ. ಅದರಲ್ಲಿ ತಾಲೂಕು, ಊರು, ಊರಿನ ಕೆಳಗೆ ಕಸಬು, ಕೊನೆಗೆ ಹೆಸರು. ಪಕ್ಕದಲ್ಲಿ ಬೇರೆ ಒಂದು ಖಾನೆ ಇಟ್ಟ. ಹುಡುಕಿಕೊಂಡು ಬಂದು ಸಿಗದೆ ಹಿಂತಿರುಗಿದವರು ಯಾರು, ಯಾವ ಊರವರು, ಎಲ್ಲಿ ಇಳಿದಿದ್ದಾರೆ ಎಂಬುದಕ್ಕೂ ಚೀಟಿ. ಇಲ್ಲದವರ ಲೆಕ್ಕ ಯಾತಕ್ಕೆಂದು ಮೇಲಿನವರು ಕೇಳಿದರು. "ಇವತ್ತು ಇಲ್ಲದವರು ನಾಳೆ ಬರಬಹುದ್ರಿ, ಸಾಹೇಬ್ರ," ಎಂದ. ಜ್ವರ ಇಳಿಯುವ ಮೊದಲು ಆ ಖಾನೆಯಿಂದ ಹನ್ನೊಂದು ಮನೆಯವರನ್ನು ಕರೆಸಲು ಸಾಧ್ಯವಾಯಿತು. ಏಳು ಜನ ತಮ್ಮವರನ್ನು ಜೀವಂತ ಕಂಡರು.

ಇಪ್ಪತ್ತನಾಲ್ಕು ವರ್ಷ ಅವನು ಎರಡೂ ಥರದ ಚೀಟಿ ಬರೆದ. ಯುದ್ಧದಿಂದ ಕಾಗದದ ಅಭಾವವಾದಾಗ, ೧೯೪೨ರಲ್ಲಿ, ಮುಗಿದ ಚೀಟಿಗಳನ್ನು ತೆಗೆದುಹಾಕಲು ಹುಕುಮು ಬಂತು. ಅವನ ಕೆಲಸ ವಹಿಸಿಕೊಳ್ಳಲು ಬಂದ ಬಾಳಕೃಷ್ಣ ಜೊತೆ ಕೂತಿದ್ದ. ಹುಡುಕಿ ಬಂದವರ ಖಾನೆಯ ಮೊದಲ ಚೀಟಿ ತೆಗೆದು ಬಾಳಕೃಷ್ಣ ಓದಿದ: "ಕೇಳಿದವರು ಹೆಂಡತಿ, ಬೂದಿಹಾಳ. ಬಂದದ್ದು ಶನಿವಾರ. ಉತ್ತರ ಕೊಟ್ಟದ್ದು ಬುಧವಾರ." ಆಮೇಲೆ, "ಇದು ಮುಗಿದದ್ದಲ್ಲೇನ್ರಿ, ಅಪ್ಪಾರ? ಉತ್ತರ ಕೊಟ್ಟೀರಲ್ಲ," ಎಂದ.

"ಕೊಟ್ಟೀನಿ," ಎಂದ ಹೊಳಬಸಪ್ಪ. "ಬುಧವಾರ ಕೊಟ್ಟೀನಿ."

ಕೈ ಚಾಚಿ ಆ ಚೀಟಿ ಇಸಿದುಕೊಂಡು, ಅದರ ಜಾಗದಲ್ಲೇ ಇಟ್ಟು ಖಾನೆ ಮುಚ್ಚಿದ.